ಬ್ಲ್ಯಾಕ್ ಸಬತ್ ಗಾಯಕ ತೀರಿಕೊಂಡಾಗ ಜನ ಅತ್ತದ್ದೇಕೆ?

ನೀವು ಕೇಳಿರುವುದು ಇಷ್ಟು: ನಿಮ್ಮ ಅಣ್ಣ ದಿನವೂ ಬ್ಲ್ಯಾಕ್ ಸಬತ್ ಎಂಬ ಇಂಗ್ಲೆಂಡಿನ ಬ್ಯಾಂಡಿನ ಹಾಡುಗಳನ್ನು ಕೇಳುತ್ತಾರೆ. 2025ರ ಜುಲೈನಲ್ಲಿ ಅದರ ಗಾಯಕ ಓಜಿ ಆಸ್‌ಬರ್ನ್ ತೀರಿಕೊಂಡ ದಿನ ಊಟವನ್ನೂ ಮಾಡದೆ ಕುಳಿತಿದ್ದರು. ನಿಮಗೆ ಮಾತ್ರ ಅದರಲ್ಲಿ ಗದ್ದಲವಲ್ಲದೆ ಬೇರೇನೂ ಕೇಳಿಸುತ್ತಿಲ್ಲ. ಹೆವಿ ಮೆಟಲ್ ಎಂಬ ಸಂಗೀತ ಇವರಿಂದಲೇ ಶುರುವಾಯಿತು ಎನ್ನುವುದು ನಿಜವೇ, ಸೈತಾನನ ಪೂಜೆ ಎಂಬ ಮಾತು ಎಲ್ಲಿಂದ ಬಂತು, ಕೇಳುವುದಾದರೆ ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ.

ನಾನು ಇಪ್ಪತ್ತೈದು ವರ್ಷಗಳಿಂದ ಈ ಬ್ಯಾಂಡನ್ನು ಕೇಳುತ್ತಿದ್ದೇನೆ. ಹುಡುಗನಾಗಿದ್ದಾಗ ಏಳು ವರ್ಷ ವೀಣೆ ಕಲಿತು, ಕಾಲೇಜಿಗೆ ಬಂದ ಮೇಲೆ ಗಿಟಾರ್ ಹಿಡಿದವನು. ಆದ್ದರಿಂದ ಇವರ ಕಥೆಯನ್ನು ಬೆರಳಿನಿಂದಲೇ ಹೇಳಲು ಶುರು ಮಾಡುತ್ತೇನೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿನ ಆಸ್ಟನ್ ಎಂಬ ಬಡಾವಣೆಯ ಹುಡುಗ, ಮುಂದೆ ಈ ಬ್ಯಾಂಡಿನ ಗಿಟಾರ್ ವಾದಕನಾದ ಟೋನಿ ಅಯೋಮಿ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ವಯಸ್ಸು ಹದಿನೇಳು. ಗಿಟಾರ್ ಚೆನ್ನಾಗಿ ನುಡಿಸುತ್ತಿದ್ದ, ಯುರೋಪ್ ಪ್ರವಾಸಕ್ಕೆ ಹೊರಟಿದ್ದ ಒಂದು ತಂಡ ಅವನನ್ನು ಸೇರಿಸಿಕೊಂಡಿತ್ತು. ಅಂದು ಕಾರ್ಖಾನೆಯಲ್ಲಿ ಅವನ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ವಾಪಸ್ ಹೋಗುವುದಿಲ್ಲ ಎಂದ. ಹಿಡಿದ ಕೆಲಸವನ್ನು ಸರಿಯಾಗಿ ಮುಗಿಸಿ ಬಾ ಎಂದು ತಾಯಿ ಕಳುಹಿಸಿದರು. ಅವನದು ಬೆಸುಗೆ ಹಾಕುವ ಕೆಲಸ. ಆದರೆ ತಗಡನ್ನು ಪ್ರೆಸ್ಸಿಗೆ ಕೊಡಬೇಕಾದವರು ಆ ದಿನ ಬಂದಿರಲಿಲ್ಲ, ಇವನನ್ನು ಅಲ್ಲಿ ನಿಲ್ಲಿಸಿದರು. ಯಂತ್ರ ಬಲಗೈಯ ಮೇಲೆ ಇಳಿಯಿತು. ಗಾಬರಿಯಲ್ಲಿ ಕೈ ಹಿಂದಕ್ಕೆ ಎಳೆದುಕೊಂಡಾಗ ನಡುಬೆರಳು ಮತ್ತು ಉಂಗುರ ಬೆರಳಿನ ತುದಿಗಳು ಕಿತ್ತು ಬಂದವು. ಅಯೋಮಿ ಎಡಚ. ಎಡಚರು ಬಲಗೈ ಬೆರಳುಗಳಿಂದ ತಂತಿ ಒತ್ತುತ್ತಾರೆ. ಹೋದದ್ದು ಆ ಬೆರಳುಗಳೇ.

ನನ್ನ ಚಿಕ್ಕಪ್ಪ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದರು. ಅವರ ಎಡಗೈ ತೋರುಬೆರಳು ಮೊದಲ ಗೆಣ್ಣಿನವರೆಗೆ ಮಾತ್ರ ಇದೆ. ಅಂಗಿಯ ಗುಂಡಿ ಹಾಕುವಾಗ ಆ ಬೆರಳನ್ನು ಸ್ವಲ್ಪ ಎತ್ತಿ ಹಿಡಿದು, ನಡುಬೆರಳು ಮತ್ತು ಹೆಬ್ಬೆರಳಿನಿಂದ ಗುಂಡಿಯನ್ನು ತೂರಿಸುತ್ತಾರೆ. ಚಿಕ್ಕಂದಿನಿಂದ ನೋಡಿದ ಆ ಕೈ ನನ್ನ ಕಣ್ಣ ಮುಂದೆ ಇದ್ದುದರಿಂದಲೋ ಏನೋ, ಅಯೋಮಿಯ ವಿಷಯ ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಅವರ ಕೈಯ ಫೋಟೋವನ್ನು ಚಿಕ್ಕಪ್ಪನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. "ಚಳಿಗೆ ಇವರಿಗೂ ತುದಿ ಜುಮ್ಮೆನ್ನುತ್ತದೆಯೇನೋ ಕೇಳು" ಎಂದರು.

ಆಸ್ಪತ್ರೆಯವರು ಇನ್ನು ಗಿಟಾರ್ ಆಸೆ ಬಿಡು ಎಂದಿದ್ದರು. ಕಾರ್ಖಾನೆಯ ಮ್ಯಾನೇಜರ್ ಒಂದು ರೆಕಾರ್ಡ್ ತಂದು ಕೇಳಿಸಿದರು. ಅದು ಜಾಂಗೊ ರೈನ್‌ಹಾರ್ಟ್ ಅವರ ಜಾಜ್ ಗಿಟಾರ್. ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳುಗಳ ಬಲ ಕಳೆದುಕೊಂಡ ಮೇಲೂ ಅವರು ಹಾಗೆ ನುಡಿಸುತ್ತಿದ್ದರು ಎಂದು ತಿಳಿದಾಗ ಅಯೋಮಿ ಎದ್ದು ಕುಳಿತರು. ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಉಂಡೆ ಮಾಡಿ, ಬಿಸಿ ಕಬ್ಬಿಣದಿಂದ ತೂತು ಕೊರೆದು, ಉಜ್ಜಿ ನಯಮಾಡಿ ಬೆರಳಿಗೆ ಟೋಪಿಗಳನ್ನು ಮಾಡಿಕೊಂಡರು. ತಂತಿಯ ಮೇಲೆ ಪ್ಲಾಸ್ಟಿಕ್ ಜಾರುತ್ತಿತ್ತು, ಹಳೆಯ ಜಾಕೆಟ್ಟಿನಿಂದ ಚರ್ಮ ಕತ್ತರಿಸಿ ಅಂಟಿಸಿದರು.

ತಂತಿವಾದ್ಯ ಕಲಿತವರಿಗೆ ಇದರ ಕಷ್ಟ ಚೆನ್ನಾಗಿ ಗೊತ್ತಾಗುತ್ತದೆ. ವೀಣೆಯಲ್ಲಿ ತಂತಿಯನ್ನು ಎಳೆದು ಗಮಕ ಕೊಡುವಾಗ ಎಷ್ಟು ಎಳೆದೆ ಎನ್ನುವುದನ್ನು ಬೆರಳ ತುದಿಯ ಗೀರು ಮೊದಲು ಹೇಳುತ್ತದೆ, ಕಿವಿ ಆಮೇಲೆ ಹೇಳುತ್ತದೆ. ಅಯೋಮಿಯ ಎರಡು ಬೆರಳುಗಳಿಗೆ ತಂತಿ ತಾಗಿದ್ದೇ ತಿಳಿಯುವುದಿಲ್ಲ. ಎಲ್ಲವನ್ನೂ ಕಿವಿಯೇ ಕಾಯಬೇಕು.

ಈಗ ಸಂಗೀತಕ್ಕೆ ಬರೋಣ. ಬಿಗಿಯಾದ ದಪ್ಪ ತಂತಿಗಳನ್ನು ಒತ್ತಲು ಆಗದ ಕಾರಣ ಅವರು ತೆಳ್ಳನೆಯ ತಂತಿ ಹುಡುಕಿದರು. ಅಂಗಡಿಗಳಲ್ಲಿ ಸಿಗದಿದ್ದಾಗ ಬ್ಯಾಂಜೊ ತಂತಿಗಳನ್ನು ಗಿಟಾರಿಗೆ ಹಾಕಿದರು. ಪೂರ್ಣ ಕಾರ್ಡ್, ಎಂದರೆ ಹಲವು ಸ್ವರಗಳನ್ನು ಒಟ್ಟಿಗೆ ಹಿಡಿಯುವುದು ಕಷ್ಟವಾದ್ದರಿಂದ ಎರಡು ಮೂರು ಸ್ವರಗಳ ಸರಳ ಹಿಡಿತವನ್ನೇ ದಟ್ಟವಾಗಿ, ಗಟ್ಟಿಯಾಗಿ ಕೇಳಿಸುವ ದಾರಿ ಹುಡುಕಿದರು. ಮುಂದೆ ತಂತಿಗಳನ್ನು ಇನ್ನಷ್ಟು ಸಡಿಲಿಸಿ ಶ್ರುತಿಯನ್ನೇ ಕೆಳಗಿಳಿಸಿದರು. ಮೊದಲ ಆಲ್ಬಂನಿಂದಲೇ ಹೀಗಿತ್ತು ಎಂದು ಹಲವರು ಬರೆಯುತ್ತಾರೆ, ಅದು ಸರಿಯಲ್ಲ. ರೆಕಾರ್ಡಿನಲ್ಲಿ ಮೂರು ಸ್ವರಸ್ಥಾನ ಕೆಳಗಿನ ಆ ಶ್ರುತಿ ಕೇಳಿಸುವುದು 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯಿಂದ. ಬ್ಯಾಂಡಿನ ಗೀಜರ್ ಬಟ್ಲರ್ ತಮ್ಮ ಬೇಸ್ ಗಿಟಾರನ್ನೂ ಅದೇ ಮಟ್ಟಕ್ಕೆ ಇಳಿಸಿ ಜೊತೆಗೂಡಿದರು. ಇಂದು ಜಗತ್ತಿನ ಸಾವಿರಾರು ಬ್ಯಾಂಡುಗಳು ಹೀಗೆ ಶ್ರುತಿ ಇಳಿಸಿ ನುಡಿಸುತ್ತವೆ. ಗಾಯಗೊಂಡ ಕೈಗೆ ಸುಲಭವಾಗಲಿ ಎಂದು ಮಾಡಿಕೊಂಡ ಏರ್ಪಾಡು ಒಂದು ಇಡೀ ಸಂಗೀತಪ್ರಕಾರದ ಧ್ವನಿಯಾಯಿತು ಎನ್ನುವುದನ್ನು ನೆನೆದಾಗ ಇಂದಿಗೂ ನನಗೆ ಮೈ ಜುಮ್ಮೆನ್ನುತ್ತದೆ.

ಬ್ಯಾಂಡ್ ಕಟ್ಟಿದ್ದು 1968ರಲ್ಲಿ. ಅಯೋಮಿ, ಬಟ್ಲರ್, ಡ್ರಮ್ಸ್ ನುಡಿಸುವ ಬಿಲ್ ವಾರ್ಡ್, ಗಾಯಕ ಓಜಿ ಆಸ್‌ಬರ್ನ್. ನಾಲ್ವರೂ ಆಸ್ಟನ್‌ನವರು, ಯುದ್ಧದಲ್ಲಿ ಬಾಂಬು ಬಿದ್ದು ಪಾಳಾದ ಜಾಗಗಳಲ್ಲಿ ಆಡಿ ಬೆಳೆದವರು. ಓಜಿ ಕಸಾಯಿಖಾನೆಯಲ್ಲಿ ದುಡಿದಿದ್ದರು, ಕಾರಿನ ಹಾರ್ನ್‌ಗಳನ್ನು ಪರೀಕ್ಷಿಸುವ ಕೆಲಸ ಮಾಡಿದ್ದರು, ಕಳ್ಳತನಕ್ಕೆ ಕೆಲವು ವಾರ ಜೈಲಿನಲ್ಲೂ ಇದ್ದರು. ಆರಂಭದಲ್ಲಿ ಅರ್ಥ್ ಎಂಬ ಹೆಸರಿತ್ತು. ಅದೇ ಹೆಸರಿನ ಇನ್ನೊಂದು ತಂಡ ಇದ್ದುದರಿಂದ 1969ರಲ್ಲಿ ಬದಲಿಸಬೇಕಾಯಿತು. ತಾಲೀಮಿನ ಕೋಣೆಯ ಎದುರಿನ ಚಿತ್ರಮಂದಿರದಲ್ಲಿ ಬೋರಿಸ್ ಕಾರ್ಲಾಫ್ ನಟಿಸಿದ 'ಬ್ಲ್ಯಾಕ್ ಸಬತ್' ಎಂಬ ಭಯದ ಚಿತ್ರಕ್ಕೆ ಜನ ಸಾಲು ನಿಂತಿದ್ದರು. ಹಣ ಕೊಟ್ಟು ಹೆದರಿಕೊಳ್ಳಲು ಜನ ಬರುತ್ತಾರಾದರೆ ಹೆದರಿಸುವ ಸಂಗೀತವನ್ನೇಕೆ ಮಾಡಬಾರದು ಎಂಬ ಯೋಚನೆ ಅಲ್ಲಿ ಹುಟ್ಟಿತು.

ಚಿತ್ರದ ಹೆಸರೇ ಒಂದು ಹಾಡಿಗೂ ಬ್ಯಾಂಡಿಗೂ ಬಂತು. 'ಬ್ಲ್ಯಾಕ್ ಸಬತ್' ಎಂಬ ಆ ಹಾಡೇ ಎಲ್ಲದರ ಕೀಲಿ. ಮಳೆ, ಗುಡುಗು, ದೂರದ ಗಂಟೆ, ಆಮೇಲೆ ಮೂರೇ ಸ್ವರ. ಕರ್ನಾಟಕ ಸಂಗೀತ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಮಂದ್ರದ ಷಡ್ಜ, ಎಂದರೆ ಕೆಳಗಿನ 'ಸ', ಅದರ ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ, ಎಂದರೆ ಎತ್ತರದ 'ಮ'. ಹನ್ನೆರಡು ಸ್ವರಸ್ಥಾನಗಳ ಸಾಲಿನಲ್ಲಿ ಎರಡು ಷಡ್ಜಗಳಿಗೂ ಸರಿಸಮ ದೂರದಲ್ಲಿರುವ ಸ್ವರ ಅದು. ಎತ್ತಲೂ ಸೇರದೆ ನಡುನೀರಿನಲ್ಲಿ ನಿಂತಿರುತ್ತದೆ. ಹಳೆಯ ಯುರೋಪಿನ ಸಂಗೀತಜ್ಞರು ಷಡ್ಜದಿಂದ ಆ ಸ್ವರಕ್ಕಿರುವ ಅಂತರವನ್ನು ಸಂಗೀತದೊಳಗಿನ ಸೈತಾನ ಎಂದು ಕರೆದರು. ನಮ್ಮಲ್ಲಿ ಅದೇ ಪ್ರತಿಮಧ್ಯಮ ಕಲ್ಯಾಣಿ ರಾಗದ ಜೀವ, ಮದುವೆ ಮನೆಯ ನಾಗಸ್ವರದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೇಳುತ್ತೇವೆ. ಹಾಗಾದರೆ ಅಲ್ಲಿ ಮಂಗಳಕರವಾದದ್ದು ಇಲ್ಲಿ ಭಯ ಹುಟ್ಟಿಸುವುದೇಕೆ? ಎರಡು ದಿನ ವೀಣೆಯ ಮೇಲೆ ಆ ಮೂರು ಸ್ವರಗಳನ್ನು ನುಡಿಸಿ ನೋಡಿದೆ. ಕಲ್ಯಾಣಿಯಲ್ಲಿ ಮಧ್ಯಮ ಪಂಚಮದ ಕಡೆಗೆ ವಾಲುತ್ತದೆ, ಗಾಂಧಾರ ನಿಷಾದಗಳು ಸುತ್ತ ನಿಂತು ಅದನ್ನು ಕಾಯುತ್ತವೆ. ಅಯೋಮಿ ಸುತ್ತಲಿನವರನ್ನೆಲ್ಲ ಕಳುಹಿಸಿಬಿಟ್ಟಿದ್ದಾರೆ. ಮಧ್ಯಮವನ್ನು ಕಂಪಿಸುವಂತೆ ನುಡಿಸುತ್ತಾರೆ, ಅದು ಪಂಚಮವನ್ನು ಸವರಿದಂತೆ ಮಾಡಿ ಹಿಂದಕ್ಕೆ ಬರುತ್ತದೆ, ಅಲ್ಲಿ ನಿಲ್ಲುವುದೇ ಇಲ್ಲ. ಮನೆ ಬಾಗಿಲ ತನಕ ಬಂದು ಒಳಗೆ ಬಾರದೆ ನಿಂತವನ ಹಾಗೆ. ಅದೂ ಎಷ್ಟು ನಿಧಾನ! ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ನೀವು ಉಸಿರೆಳೆದುಕೊಳ್ಳಬಹುದು.

ಆ ಹಾಡು ಹುಟ್ಟುವ ಹಿಂದಿನ ದಿನಗಳಲ್ಲಿ ಬಟ್ಲರ್ ಇಂಗ್ಲೆಂಡಿನ ಸಂಗೀತ ರಚನಕಾರ ಗುಸ್ತಾವ್ ಹೋಲ್ಸ್ಟ್ ಅವರ ಗ್ರಹಗಳ ಸ್ವರಮೇಳದಲ್ಲಿ ಬರುವ ಮಂಗಳನ ಭಾಗವನ್ನು ಬೇಸಿನಲ್ಲಿ ನುಡಿಸುತ್ತಿದ್ದರಂತೆ. ಅದರ ನೆರಳು ಇಲ್ಲಿದೆ.

ಹೆವಿ ಮೆಟಲ್ ಇವರಿಂದಲೇ ಶುರುವಾಯಿತೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಯೇ ಇದೆ. ಜೋರಾಗಿ ನುಡಿಸಿದವರು ಇವರಿಗಿಂತ ಮೊದಲೇ ಇದ್ದರು. ಅಮೆರಿಕದ ಬ್ಲೂ ಚಿಯರ್ 1968ರಲ್ಲೇ ಕಿವಿಗಡಚಿಕ್ಕುವಂತೆ ನುಡಿಸಿತ್ತು. ಲೆಡ್ ಜೆಪ್ಲಿನ್ ಮತ್ತು ಡೀಪ್ ಪರ್ಪಲ್ ಸಮಕಾಲೀನರು, ಕೈಚಳಕದಲ್ಲಿ ಯಾರಿಗೂ ಕಡಿಮೆಯಲ್ಲ. ಆದರೆ ಅವರ ಸಂಗೀತದ ಕೆಳಗೆ ಬ್ಲೂಸ್‌ನ, ಎಂದರೆ ಅಮೆರಿಕದ ಕಪ್ಪು ಜನರ ಹಾಡುಗಾರಿಕೆಯ ನೆಲ ಕಾಣುತ್ತಿರುತ್ತದೆ. ಸಬತ್ ಕೂಡ ಬ್ಲೂಸ್‌ನಿಂದಲೇ ಬಂದವರು, ಮೊದಲ ಆಲ್ಬಂನಲ್ಲಿ ಅದು ಧಾರಾಳವಾಗಿದೆ. ಆದರೂ ಆ ಒಂದು ಹಾಡಿನಲ್ಲಿ ಅವರು ಆ ನೆಲ ಬಿಟ್ಟು ಹೊರಟರು. ರಿಫ್, ಎಂದರೆ ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಸಣ್ಣ ಸ್ವರಗುಚ್ಛ, ಅಲ್ಲಿಯವರೆಗೆ ಹಾಡಿಗೆ ಹಿಮ್ಮೇಳವಾಗಿತ್ತು. ಅಯೋಮಿಯ ಕೈಯಲ್ಲಿ ಅದೇ ಹಾಡಾಯಿತು. ದನಿಯ ಭಾರ, ನಿಧಾನ, ಕತ್ತಲೆ ಮೂರೂ ಒಟ್ಟಿಗೆ ಒಂದು ಭಾಷೆಯಾಗಿ ಕೇಳಿಸಿದ್ದು ಅಲ್ಲೇ ಮೊದಲು ಎಂದು ನಾನು ನಂಬುತ್ತೇನೆ.

ಆ ಮೊದಲ ಆಲ್ಬಂ ರೆಕಾರ್ಡ್ ಆದದ್ದು ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೊದಲ್ಲಿ, 1969ರ ಅಕ್ಟೋಬರಿನ ಒಂದೇ ದಿನದಲ್ಲಿ. ನಿರ್ಮಾಪಕರು ರಾಜರ್ ಬೇನ್. ದಿನವೂ ವೇದಿಕೆಯಲ್ಲಿ ನುಡಿಸುತ್ತಿದ್ದುದನ್ನು ಸ್ಟುಡಿಯೊದಲ್ಲೂ ಹಾಗೆಯೇ ನಿಂತು ನುಡಿಸಿ ಹೊರಟರು. ನಡುವೆ ಅಯೋಮಿಯ ಸ್ಟ್ರಾಟೊಕಾಸ್ಟರ್ ಗಿಟಾರಿನ ಪಿಕಪ್, ಎಂದರೆ ತಂತಿಯ ದನಿ ಹಿಡಿಯುವ ಭಾಗ ಕೈಕೊಟ್ಟಿತು, ಜೊತೆಗೆ ತಂದಿದ್ದ ಗಿಬ್ಸನ್ ಎಸ್‌ಜಿ ಗಿಟಾರ್ ಎತ್ತಿಕೊಂಡರು. ಅದೇ ಮುಂದೆ ಅವರ ಗುರುತಾಯಿತು. 1970ರ ಫೆಬ್ರವರಿ 13, ಶುಕ್ರವಾರ ಆಲ್ಬಂ ಹೊರಬಂತು. ವಿಮರ್ಶಕರು ಹೀನಾಯವಾಗಿ ಬರೆದರು. ಆದರೂ ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಅದು 8ನೇ ಸ್ಥಾನಕ್ಕೇರಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ 'ಪ್ಯಾರನಾಯ್ಡ್' ಮೊದಲ ಸ್ಥಾನಕ್ಕೆ ಹೋಯಿತು. ಅದರ ಶೀರ್ಷಿಕೆ ಹಾಡು ಆಲ್ಬಂಗೆ ಮೂರು ನಿಮಿಷ ಕಡಿಮೆ ಬಿತ್ತು ಎಂದು ಅರ್ಧ ಗಂಟೆಯೊಳಗೆ ಹೊಸೆದದ್ದು.

ಸೈತಾನನ ವಿಷಯ. ಮೊದಲ ಆಲ್ಬಂನ ಒಳಹೊದಿಕೆಯಲ್ಲಿ ತಲೆಕೆಳಗಾದ ಶಿಲುಬೆಯ ಚಿತ್ರ ಹಾಕಿದ್ದು ರೆಕಾರ್ಡ್ ಕಂಪನಿ, ಬ್ಯಾಂಡಿನವರಿಗೆ ಅದು ಗೊತ್ತೇ ಇರಲಿಲ್ಲ. ಸಾಹಿತ್ಯ ಬರೆಯುತ್ತಿದ್ದ ಬಟ್ಲರ್ ಐರಿಷ್ ಕ್ಯಾಥೊಲಿಕ್ ಮನೆಯವರು. ಮಾಟಮಂತ್ರದ ಪುಸ್ತಕಗಳನ್ನು ಕುತೂಹಲಕ್ಕೆ ಓದುತ್ತಿದ್ದ ದಿನಗಳಲ್ಲಿ ಒಂದು ರಾತ್ರಿ ಮಂಚದ ಕಾಲ ಬಳಿ ಕಪ್ಪು ಆಕೃತಿ ನಿಂತಂತೆ ಕಂಡು ಹೆದರಿ ಅದನ್ನೆಲ್ಲ ಬಿಟ್ಟರು. ಆ ಹೆದರಿಕೆಯೇ ಮೇಲೆ ಹೇಳಿದ ಹಾಡಾಯಿತು. ಹಾಡಿನೊಳಗಿನ ಮನುಷ್ಯ ಸೈತಾನನನ್ನು ಕರೆಯುವುದಿಲ್ಲ, ಕಾಪಾಡು ದೇವರೇ ಎಂದು ಕೂಗುತ್ತಾನೆ. ನಾಲ್ವರೂ ಕೊರಳಲ್ಲಿ ಹಾಕಿಕೊಳ್ಳುತ್ತಿದ್ದ ಶಿಲುಬೆಗಳನ್ನು ಓಜಿಯ ತಂದೆ ಕಾರ್ಖಾನೆಯಲ್ಲಿ ತಮ್ಮ ಕೈಯಾರೆ ಲೋಹ ಕೊರೆದು ಮಾಡಿಕೊಟ್ಟಿದ್ದರು. ಮಗನಿಗೂ ಅವನ ಗೆಳೆಯರಿಗೂ ರಕ್ಷೆ ಕಟ್ಟಿ ಕಳುಹಿಸಿದ ಒಬ್ಬ ಕಾರ್ಮಿಕ ತಂದೆ ನನಗೆ ಅದರಲ್ಲಿ ಕಾಣುತ್ತಾರೆ.

'ವಾರ್ ಪಿಗ್ಸ್' ಹಾಡನ್ನು ಸಾಹಿತ್ಯದೊಂದಿಗೆ ಕೇಳಿ. ಅಲ್ಲಿ ಸೈತಾನನ ಕೆಲಸ ಮಾಡುವವರು ಬಡವರ ಮಕ್ಕಳನ್ನು ರಣರಂಗಕ್ಕೆ ಕಳುಹಿಸಿ ತಾವು ಹಿಂದೆ ಉಳಿಯುವ ರಾಜಕಾರಣಿಗಳು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ ಅದು. ಹೂವು, ಪ್ರೀತಿ, ಶಾಂತಿ ಎಂದು ಹಾಡುತ್ತಿದ್ದ ಪೀಳಿಗೆಯ ನಡುವೆ ಇವರು ತಮ್ಮ ಬೀದಿಯಲ್ಲಿ ಕಂಡದ್ದನ್ನು ಹಾಡಿದರು. ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

1970ರಿಂದ 1975ರವರೆಗಿನ ಆರು ಆಲ್ಬಂಗಳು ಅವರ ಚಿನ್ನದ ಕಾಲ. 1972ರ 'ವಾಲ್ಯೂಮ್ 4' ಲಾಸ್ ಏಂಜಲೀಸ್‌ನಲ್ಲಿ ಆದದ್ದು, ಕೊಕೇನ್ ಹಿಡಿತ ಅಲ್ಲಿಂದ ಬಿಗಿಯಾಯಿತು. ಮ್ಯಾನೇಜರುಗಳೊಂದಿಗಿನ ವ್ಯಾಜ್ಯ 1975ರ 'ಸಾಬೊಟಾಜ್'ನ ಪ್ರತಿ ಹಾಡಿನಲ್ಲೂ ಸಿಟ್ಟಾಗಿ ಕೇಳಿಸುತ್ತದೆ. ಮುಂದಿನ ಎರಡು ಆಲ್ಬಂಗಳಲ್ಲಿ ಸುಸ್ತು ಎದ್ದು ಕಾಣುತ್ತದೆ. 1979ರಲ್ಲಿ ಓಜಿಯನ್ನು ತೆಗೆದುಹಾಕಿದರು. ರಾನಿ ಜೇಮ್ಸ್ ಡಿಯೊ ಬಂದರು. 1980ರ 'ಹೆವನ್ ಅಂಡ್ ಹೆಲ್' ಬ್ಯಾಂಡಿಗೆ ಮರುಜನ್ಮ ಕೊಟ್ಟಿತು. ಓಜಿಯದು ನಿಮ್ಮ ಪಕ್ಕದ ಮನೆಯವನು ದಿಗಿಲಿನಲ್ಲಿ ಕೂಗಿದಂತಹ ದನಿ, ಡಿಯೊ ಅವರದು ಪೂರ್ಣ ಪಳಗಿದ ಕಂಠ. ಯಾರು ಮೇಲು ಎಂದು ಅಭಿಮಾನಿಗಳು ಇಂದಿಗೂ ಜಗಳವಾಡುತ್ತಾರೆ, ನನಗೆ ಇಬ್ಬರೂ ಬೇಕು. ಡಿಯೊ ಹೋದ ಮೇಲೆ ಡೀಪ್ ಪರ್ಪಲ್‌ನ ಇಯಾನ್ ಗಿಲನ್ ಒಂದು ಆಲ್ಬಂಗೆ ಹಾಡಿದರು. ಆಮೇಲೆ ಗಾಯಕರು, ಡ್ರಮ್ಮರುಗಳು ಬಂದರು ಹೋದರು, ಕೆಲವು ವರ್ಷ ಮೂಲ ತಂಡದಿಂದ ಅಯೋಮಿ ಒಬ್ಬರೇ ಉಳಿದಿದ್ದರು. ಟೋನಿ ಮಾರ್ಟಿನ್ ಹಾಡಿದ ಆ ಕಾಲವನ್ನು ಜನ ಮರೆತೇಬಿಟ್ಟಿದ್ದಾರೆ. 1989ರ 'ಹೆಡ್‌ಲೆಸ್ ಕ್ರಾಸ್' ಕೇಳಿದರೆ ಅದು ಅನ್ಯಾಯ ಎಂದು ನಿಮಗೂ ಅನಿಸುತ್ತದೆ.

1997ರಲ್ಲಿ ನಾಲ್ವರೂ ಬರ್ಮಿಂಗ್‌ಹ್ಯಾಮಿನ ವೇದಿಕೆಯ ಮೇಲೆ ಒಂದಾದರು. 2013ರಲ್ಲಿ ಬಿಲ್ ವಾರ್ಡ್ ಇಲ್ಲದೆ ಬಂದ '13' ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆಯಿತು. 'ಪ್ಯಾರನಾಯ್ಡ್' ಆದ ಮೇಲೆ ಅಲ್ಲಿ ಅವರಿಗೆ ಆ ಸ್ಥಾನ ಮತ್ತೆ ಸಿಕ್ಕಿದ್ದು ಆಗಲೇ. ಅಷ್ಟು ಹೊತ್ತಿಗೆ ಅಯೋಮಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಲೇ ನುಡಿಸುತ್ತಿದ್ದರು.

ಪ್ರಭಾವ ಎಂದರೆ ಎಲ್ಲಿಂದ ಎಣಿಸಲಿ? ಅದೇ ಊರಿನ ಸುತ್ತಿನಿಂದ ಬಂದ ಜೂಡಾಸ್ ಪ್ರೀಸ್ಟ್ ಈ ಭಾರವನ್ನು ತೆಗೆದುಕೊಂಡು ವೇಗ ಕೂಡಿಸಿತು. ಮೆಟಾಲಿಕಾ ಅದನ್ನು ಇನ್ನೂ ಮುಂದಕ್ಕೆ ಒಯ್ದಿತು. 2006ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸಬತ್ ಸೇರಿದಾಗ ಅವರನ್ನು ಬರಮಾಡಿಕೊಂಡದ್ದು ಮೆಟಾಲಿಕಾವೇ. ಡೂಮ್ ಎಂಬ ನಿಧಾನಗತಿಯ ಶಾಖೆಯಂತೂ ಪೂರ್ತಿ ಇವರ ಮಕ್ಕಳದು. ಅಮೆರಿಕದ ಸೇಂಟ್ ವೈಟಸ್ ತನ್ನ ಹೆಸರನ್ನೇ ಸಬತ್ ಹಾಡಿನಿಂದ ಎತ್ತಿಕೊಂಡಿತು. ಸಿಯಾಟಲ್‌ನ ಸೌಂಡ್‌ಗಾರ್ಡನ್, ಆಲಿಸ್ ಇನ್ ಚೈನ್ಸ್ ಬ್ಯಾಂಡುಗಳ ಒಳಗೂ ಅಯೋಮಿಯ ರಿಫ್‌ಗಳ ನೆರಳಿದೆ. ನಮ್ಮ ಬೆಂಗಳೂರಿನಲ್ಲಿ ಬೇವರ್ ಸೀ ಎಂಬ ಬ್ಯಾಂಡ್ ಇದೆ, 2012ರಲ್ಲಿ ಅವರ ಮೊದಲ ಆಲ್ಬಂ ಬಂತು. ಅದನ್ನು ಹಾಕಿದ ಹತ್ತನೇ ಸೆಕೆಂಡಿಗೆ ಆಸ್ಟನ್‌ನ ಹೊಗೆ ಮೂಗಿಗೆ ಬರುತ್ತದೆ. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅರಮನೆ ಮೈದಾನದಲ್ಲಿ ನುಡಿಸಿದಾಗ ಆ ಜನಸಾಗರದಲ್ಲಿ ನಾನೂ ಇದ್ದೆ. ಕೆಳಗಿನ ತಂತಿಯ ಒಂದೊಂದು ಪೆಟ್ಟಿಗೂ ಎದೆಗೂಡು ಅದುರುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಹುಡುಗನಿಗೆ ಚರ್ಮದ ತುಂಡು ಅಂಟಿಸಿದ ಆ ಪ್ಲಾಸ್ಟಿಕ್ ಟೋಪಿಯ ಕಥೆ ಹೇಳಬೇಕು ಎಂದು ಬಹಳ ಅನಿಸಿತು, ಆ ಸದ್ದಿನಲ್ಲಿ ಆಗಲಿಲ್ಲ. ಅಂದು ಆಗದ್ದನ್ನು ಇಂದು ನಿಮಗೆ ಹೇಳಿದೆ.

ಇನ್ನು ನಿಮ್ಮ ಅಣ್ಣನ ದುಃಖ. ಓಜಿ ಬೆಳೆದ ಮನೆ ಆಸ್ಟನ್ ವಿಲ್ಲಾ ತಂಡದ ಫುಟ್‌ಬಾಲ್ ಮೈದಾನ ವಿಲ್ಲಾ ಪಾರ್ಕಿಗೆ ಹತ್ತಿರದಲ್ಲೇ ಇತ್ತು. ಪಂದ್ಯದ ದಿನ ಅಲ್ಲಿ ನಿಲ್ಲಿಸಿದ ಕಾರುಗಳನ್ನು ಕಾಯುತ್ತೇನೆ ಎಂದು ಹೇಳಿ ಹುಡುಗ ಓಜಿ ಚಿಲ್ಲರೆ ಸಂಪಾದಿಸುತ್ತಿದ್ದ. 2025ರ ಜುಲೈ 5ರಂದು ಅದೇ ಮೈದಾನದಲ್ಲಿ ಅವರ ಕೊನೆಯ ಕಛೇರಿ ನಡೆಯಿತು. ಪಾರ್ಕಿನ್ಸನ್ ಕಾಯಿಲೆಯಿಂದ ನಿಲ್ಲಲಾಗದ ಓಜಿ ಕಪ್ಪು ಸಿಂಹಾಸನದ ಮೇಲೆ ಕುಳಿತು ಹಾಡಿದರು. ಇಪ್ಪತ್ತು ವರ್ಷಗಳ ಬಳಿಕ ನಾಲ್ವರೂ ಒಟ್ಟಿಗೆ ಇದ್ದರು, ಬಿಲ್ ವಾರ್ಡ್ ಕೂಡ. ಹಣವನ್ನು ಪಾರ್ಕಿನ್ಸನ್ ಸಂಶೋಧನೆಗೂ ಮಕ್ಕಳ ಆಸ್ಪತ್ರೆ ಮತ್ತು ಮಕ್ಕಳ ಶುಶ್ರೂಷಾ ಕೇಂದ್ರಕ್ಕೂ ಮೀಸಲಿಟ್ಟಿದ್ದರು. ಮೆಟಾಲಿಕಾ, ಗನ್ಸ್ ಎನ್ ರೋಸಸ್, ಸ್ಲೇಯರ್, ಟೂಲ್ ಎಲ್ಲರೂ ಬಂದು ಮೊದಲು ನುಡಿಸಿ ಗುರುಕಾಣಿಕೆ ಸಲ್ಲಿಸಿದರು. ಸಬತ್ ನುಡಿಸಿದ್ದು ನಾಲ್ಕೇ ಹಾಡು. ಹದಿನೇಳು ದಿನ ಕಳೆದು, ಜುಲೈ 22ರಂದು ಓಜಿ ತೀರಿಕೊಂಡರು. ವಯಸ್ಸು 76. ಶವಯಾತ್ರೆ ಬರ್ಮಿಂಗ್‌ಹ್ಯಾಮಿನ ಬ್ರಾಡ್ ಸ್ಟ್ರೀಟಿನಲ್ಲಿ ಬ್ಯಾಂಡಿನ ಹೆಸರೇ ಇಟ್ಟಿರುವ ಸೇತುವೆಯ ಬಳಿ ನಿಂತಾಗ ರಸ್ತೆಯ ಎರಡೂ ಬದಿ ಜನ ಕಿಕ್ಕಿರಿದಿದ್ದರು. ಬೆಳೆದ ಬಡಾವಣೆಗೆ ವಾಪಸ್ ಬಂದು, ಎಲ್ಲರಿಗೂ ಕೈಮುಗಿದು ಹೋದವರಿಗಾಗಿ ಅಣ್ಣ ಒಂದು ಹೊತ್ತು ಊಟ ಬಿಟ್ಟಿದ್ದರೆ ಅದು ನನಗೆ ಅರ್ಥವಾಗುತ್ತದೆ. ಅಂದು ನನಗೂ ಅನ್ನ ಇಳಿಯಲಿಲ್ಲ.

ಎಲ್ಲಿಂದ ಕೇಳಬೇಕು? 'ಐರನ್ ಮ್ಯಾನ್' ಹಾಡಿನಿಂದ ಬೇಡ, ಈಗಾಗಲೇ ಗೋಡೆಯ ಆಚೆಯಿಂದ ಅದನ್ನು ಬೇಕಾದಷ್ಟು ಕೇಳಿರುತ್ತೀರಿ. 'ಪ್ಯಾರನಾಯ್ಡ್' ಆಲ್ಬಂನ ಮೂರನೆಯ ಹಾಡು 'ಪ್ಲಾನೆಟ್ ಕ್ಯಾರವಾನ್' ಹಾಕಿ. ಗದ್ದಲ ಒಂದಿಷ್ಟೂ ಇಲ್ಲ. ಬಿಲ್ ವಾರ್ಡ್ ಕೋಲು ಕೆಳಗಿಟ್ಟು ಕೈಯಿಂದ ಕಾಂಗಾ ಎಂಬ ಚರ್ಮವಾದ್ಯ ನುಡಿಸುತ್ತಾರೆ, ಓಜಿಯ ದನಿ ನೀರಿನೊಳಗಿಂದ ಬಂದಂತೆ ತೇಲುತ್ತದೆ. ಅದಾದ ಮೇಲೆ 'ಮಾಸ್ಟರ್ ಆಫ್ ರಿಯಾಲಿಟಿ'ಯ 'ಸಾಲಿಟ್ಯೂಡ್'. ಅದರಲ್ಲಿ ಕೊಳಲು ನುಡಿಸಿರುವವರೂ ಅಯೋಮಿಯೇ. ಈ ಎರಡನ್ನೂ ಕೇಳಿದ ಮೇಲೆ, ದೀಪ ಆರಿಸಿ, ಮಳೆಯಿಂದ ಆರಂಭವಾಗುವ ಆ ಮೊದಲ ಹಾಡಿಗೆ ಬನ್ನಿ. ಅಣ್ಣ ಮನೆಯಲ್ಲಿರುವಾಗಲೇ ಹಾಕಿ, ಮತ್ತು ನಿಮ್ಮ ಕೋಣೆಯ ಬಾಗಿಲು ತೆರೆದಿರಲಿ.